ಅಡ್ಡಗಾಳಿಯಲ್ಲಿ ಇಳಿಯುವ ವಿಮಾನ: ಅಪಘಾತದ ತೀರ್ಮಾನವಾಗುವುದು ಕೊನೆಯ ನೂರೈವತ್ತು ಅಡಿಗಳಲ್ಲಿ

2025ರ ಫೆಬ್ರುವರಿ 17ರ ಮಧ್ಯಾಹ್ನ ಅಮೆರಿಕದ ಮಿನಿಯಾಪೊಲಿಸ್‌ನಿಂದ ಬಂದ ಬೊಂಬಾರ್ಡಿಯರ್ ಸಿಆರ್‌ಜೆ-900 ಮಾದರಿಯ ಸಣ್ಣ ಜೆಟ್ ವಿಮಾನ, ಕೆನಡಾದ ಟೊರೊಂಟೊ ಪಿಯರ್ಸನ್ ನಿಲ್ದಾಣದ 23ನೇ ರನ್‌ವೇಯಲ್ಲಿ ಇಳಿಯುತ್ತಿತ್ತು. ಡೆಲ್ಟಾ ಕನೆಕ್ಷನ್ ಹೆಸರಿನಲ್ಲಿ ಎಂಡೆವರ್ ಏರ್ ಸಂಸ್ಥೆ ನಡೆಸುತ್ತಿದ್ದ ಈ ವಿಮಾನದಲ್ಲಿ 76 ಪ್ರಯಾಣಿಕರು ಮತ್ತು ನಾಲ್ವರು ಸಿಬ್ಬಂದಿ ಇದ್ದರು. ಚಕ್ರಗಳು ನೆಲಕ್ಕೆ ತಾಗಿದ ಕೂಡಲೇ ಬಲಗಡೆಯ ಲ್ಯಾಂಡಿಂಗ್ ಗೇರ್‌ನ, ಅಂದರೆ ಚಕ್ರಗಳನ್ನು ಹಿಡಿದಿರುವ ಕಾಲಿನ, ಆಧಾರದ ಸರಳು ಮುರಿಯಿತು, ಗೇರ್ ಮಡಚಿಕೊಂಡಿತು, ಬಲರೆಕ್ಕೆ ಬುಡದಲ್ಲೇ ಕಿತ್ತು ಬಂದು ಅದರಿಂದ ಚಿಮ್ಮಿದ ಇಂಧನಕ್ಕೆ ಬೆಂಕಿ ಹತ್ತಿತು. ವಿಮಾನ ಮಗುಚಿ, ತಲೆಕೆಳಗಾಗಿಯೇ ರನ್‌ವೇ ಮೇಲೆ ಜಾರಿ ನಿಂತಿತು. ಪ್ರಯಾಣಿಕರು ಸೀಟ್ ಬೆಲ್ಟ್‌ಗಳಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದರು. ಅಷ್ಟಾದರೂ ಎಂಬತ್ತು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ.

ಆ ದಿನದ ಸುದ್ದಿಗಳಲ್ಲಿ ಎದ್ದು ಕಂಡದ್ದು ಗಾಳಿ. ಬಿರುಗಾಳಿ ವಿಮಾನವನ್ನು ಮಗುಚಿ ಹಾಕಿತು ಎಂಬ ಅರ್ಥದ ಶೀರ್ಷಿಕೆಗಳು ಕನ್ನಡದಲ್ಲೂ ಬಂದವು. ಆದರೆ ಲೆಕ್ಕ ಹಾಕಿ ನೋಡಿದರೆ ಚಿತ್ರ ಬೇರೆಯೇ ಇದೆ. ಇಳಿಯಲು ಅನುಮತಿ ಕೊಡುವಾಗ ಕಂಟ್ರೋಲ್ ಟವರ್ ತಿಳಿಸಿದ್ದು 270 ಡಿಗ್ರಿ ದಿಕ್ಕಿನಿಂದ 23 ನಾಟ್ (ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್) ವೇಗದ, ನಡುನಡುವೆ 33 ನಾಟ್‌ಗೆ ಏರುವ ಗಾಳಿಯನ್ನು. ರನ್‌ವೇಯ ನೇರಕ್ಕೆ ಅದು ಬೀಸುತ್ತಿದ್ದದ್ದು ಮೂವತ್ತು ಡಿಗ್ರಿಗಿಂತ ತುಸು ಹೆಚ್ಚಿನ ಓರೆಯಲ್ಲಿ. ಆ ಲೆಕ್ಕದಲ್ಲಿ ವಿಮಾನವನ್ನು ಪಕ್ಕಕ್ಕೆ ತಳ್ಳುವ ಅಂಶ ಸುಮಾರು 13 ನಾಟ್, ಗಾಳಿ ಜೋರಾದಾಗ 18 ನಾಟ್. ಈ ವರ್ಗದ ಜೆಟ್‌ಗಳು ಇದಕ್ಕಿಂತ ಬಲವಾದ ಅಡ್ಡಗಾಳಿಯಲ್ಲಿ ದಿನವೂ ಇಳಿಯುತ್ತವೆ. ಅಡ್ಡಗಾಳಿಯ ಅಪಘಾತಗಳನ್ನು ಅರ್ಥ ಮಾಡಿಕೊಳ್ಳಬೇಕಾದರೆ ಗಾಳಿ ಎಷ್ಟು ಬಲವಾಗಿತ್ತು ಎಂದು ಕೇಳಿದರೆ ಸಾಲದು. ನೆಲ ಹತ್ತಿರವಾದ ಕೊನೆಯ ಕೆಲವು ಸೆಕೆಂಡುಗಳಲ್ಲಿ ಗಾಳಿ ಹೇಗೆ ಬದಲಾಯಿತು, ಅದಕ್ಕೆ ಕಾಕ್‌ಪಿಟ್ ಏನು ಉತ್ತರ ಕೊಟ್ಟಿತು, ಇಳಿಯುವ ಯತ್ನವನ್ನು ಕೈಬಿಡುವ ದಾರಿ ಆಗ ಇನ್ನೂ ತೆರೆದಿತ್ತೇ ಎಂಬುದನ್ನೂ ಕೇಳಬೇಕು.

ಮೊದಲು ಅಡ್ಡಗಾಳಿಯ ಲೆಕ್ಕವನ್ನು ನೋಡೋಣ. ರನ್‌ವೇಗಳಿಗೆ ಹೆಸರಿಡುವುದು ದಿಕ್ಸೂಚಿಯ ಡಿಗ್ರಿಗಳಿಂದ. ಕೊನೆಯ ಅಂಕಿಯನ್ನು ಬಿಟ್ಟರೆ ಹೆಚ್ಚುಕಡಿಮೆ ರನ್‌ವೇಯ ಸಂಖ್ಯೆ ಸಿಗುತ್ತದೆ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇಗಳು 09 ಮತ್ತು 27, ಅಂದರೆ ಪೂರ್ವ–ಪಶ್ಚಿಮ. ಮುಂಗಾರಿನ ತಿಂಗಳುಗಳಲ್ಲಿ ಇಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವುದರಿಂದ ಈ ದಿಕ್ಕು ಹೊಂದುತ್ತದೆ. ಮಂಗಳೂರಿನ ಗುಡ್ಡದ ಮೇಲಿನ ರನ್‌ವೇ 06 ಮತ್ತು 24. ಅಲ್ಲಿ ನೇರ ಪಶ್ಚಿಮದಿಂದ 20 ನಾಟ್ ಗಾಳಿ ಬೀಸಿದರೆ 24ರ ಕಡೆ ಇಳಿಯುವ ವಿಮಾನಕ್ಕೆ ಮೂವತ್ತು ಡಿಗ್ರಿ ಓರೆಯಾಗುತ್ತದೆ ಮತ್ತು ಗಾಳಿಯ ಅರ್ಧದಷ್ಟು, ಅಂದರೆ 10 ನಾಟ್, ಅಡ್ಡಗಾಳಿಯಾಗಿ ಎಣಿಕೆಗೆ ಬರುತ್ತದೆ. ಓರೆ ನಲವತ್ತೈದು ಡಿಗ್ರಿಯಾದರೆ ಹತ್ತರಲ್ಲಿ ಏಳು ಭಾಗ, ಅರವತ್ತಾದರೆ ಹೆಚ್ಚುಕಡಿಮೆ ಒಂಬತ್ತು ಭಾಗ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ ಮಾತ್ರ ಈ ದಿಕ್ಕಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಮೋಡದಿಂದ ಕೆಳಕ್ಕೆ ಸುರಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಯಾವ ದಿಕ್ಕಿಗಾದರೂ ಹರಡಬಹುದು.

ಬಲವಾದ ಅಡ್ಡಗಾಳಿಯಲ್ಲಿ ರನ್‌ವೇ ಕಡೆಗೆ ಬರುವ ಪೈಲಟ್ ವಿಮಾನದ ಮೂಗನ್ನು ರನ್‌ವೇಗೆ ನೇರವಾಗಿ ಇಡುವುದಿಲ್ಲ, ಗಾಳಿ ಬೀಸುವ ಕಡೆಗೆ ತುಸು ತಿರುಗಿಸಿರುತ್ತಾರೆ. ಶರಾವತಿಯನ್ನು ದೋಣಿಯಲ್ಲಿ ದಾಟಿಸುವ ಅಂಬಿಗ ಎದುರು ದಡದ ಕಡವಿಗೆ ನೇರ ಗುರಿಯಿಡದೆ, ಸೆಳವನ್ನು ಲೆಕ್ಕ ಹಾಕಿ ಮೇಲ್ಗಡೆಗೆ ಹುಟ್ಟು ಹಾಕುವ ರೀತಿಯೇ ಇದು. ಪೈಲಟ್‌ಗಳು ಇದನ್ನು ಕ್ರ್ಯಾಬ್ ಎನ್ನುತ್ತಾರೆ. ಎಷ್ಟು ತಿರುಗಿಸಬೇಕು ಎಂಬುದು ವಿಮಾನದ ವೇಗವನ್ನು ಅವಲಂಬಿಸಿದೆ. ಸಣ್ಣ ವಿಮಾನಗಳ ಕಷ್ಟ ಆರಂಭವಾಗುವುದೇ ಇಲ್ಲಿ. 140 ನಾಟ್ ವೇಗದಲ್ಲಿ ಬರುವ ಪ್ರಯಾಣಿಕ ಜೆಟ್ 15 ನಾಟ್ ಅಡ್ಡಗಾಳಿಗೆ ಆರು ಡಿಗ್ರಿ ತಿರುಗಿದರೆ ಸಾಕು. ತರಬೇತಿ ಶಾಲೆಗಳಲ್ಲಿ ಎಲ್ಲೆಲ್ಲೂ ಕಾಣುವ ನಾಲ್ಕು ಸೀಟಿನ ಸೆಸ್ನಾ 172 ಸುಮಾರು 65 ನಾಟ್‌ನಲ್ಲಿ ಇಳಿಯಲು ಬರುತ್ತದೆ. ಅದೇ ಗಾಳಿಗೆ ಅದು ಹದಿಮೂರು ಡಿಗ್ರಿಗೂ ಹೆಚ್ಚು ತಿರುಗಬೇಕು. ಗಾಳಿ ಒಂದೇ ಆದರೂ ನಿಧಾನ ಹೋಗುವ, ಒಂದು ಟನ್ನಿನ ಆಸುಪಾಸಿನ ತೂಕದ ವಿಮಾನಕ್ಕೆ ಅದರ ಪೆಟ್ಟು ಹೆಚ್ಚು.

ಮೂಗು ಓರೆಯಾಗಿರುವಾಗಲೇ ಚಕ್ರ ನೆಲ ಮುಟ್ಟಿದರೆ ಟೈರು ಮತ್ತು ಗೇರ್ ಮೇಲೆ ಪಕ್ಕದಿಂದ ಬಲ ಬೀಳುತ್ತದೆ. ಅದಕ್ಕಾಗಿ ನೆಲ ಮುಟ್ಟುವ ಮುನ್ನ ಮೂಗನ್ನು ರನ್‌ವೇಯ ನಡುಗೆರೆಗೆ ನೇರ ಮಾಡಬೇಕು. ಕಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ಮೂಗನ್ನು ನೇರ ಮಾಡಿದ ಕ್ಷಣದಿಂದ ವಿಮಾನ ಗಾಳಿಯ ಜೊತೆ ಪಕ್ಕಕ್ಕೆ ತೇಲತೊಡಗುತ್ತದೆ. ಅದನ್ನು ತಡೆಯಲು ಕೈಯಿಂದ ಏಲೆರಾನ್ (ರೆಕ್ಕೆಯ ಹಿಂಬದಿಯ, ವಿಮಾನವನ್ನು ವಾಲಿಸುವ ಫಲಕ) ತಿರುಗಿಸಿ ಗಾಳಿ ಬರುವ ಕಡೆಯ ರೆಕ್ಕೆಯನ್ನು ತಗ್ಗಿಸಬೇಕು. ಕೈ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ. ಇದೇ ಹೊತ್ತಿಗೆ ಮೂಗನ್ನು ಮೆಲ್ಲಗೆ ಎತ್ತಿ ಕೆಳಗಿಳಿಯುವ ವೇಗವನ್ನು ಕಡಿಮೆ ಮಾಡುವ ಫ್ಲೇರ್ ಕೂಡ ನಡೆಯಬೇಕು. ಸರಿಯಾಗಿ ಇಳಿದ ವಿಮಾನ ಅಡ್ಡಗಾಳಿಯಲ್ಲಿ ಮೊದಲು ಗಾಳಿ ಬರುವ ಕಡೆಯ ಒಂದು ಚಕ್ರದ ಮೇಲೆ ನೆಲ ಮುಟ್ಟುತ್ತದೆ, ಆಮೇಲೆ ಇನ್ನೊಂದು ಕಡೆಯ ಚಕ್ರ, ಕೊನೆಗೆ ಮೂಗಿನ ಚಕ್ರ. ಪಕ್ಕದಲ್ಲಿ ನಿಂತು ನೋಡುವವರಿಗೆ ಇದು ಎಡವಟ್ಟಿನ ಇಳಿತದಂತೆ ಕಾಣಬಹುದು. ನಿಜಕ್ಕೂ ಅದೇ ಕುಶಲತೆಯ ಗುರುತು.

ಸಣ್ಣ ವಿಮಾನಗಳಲ್ಲಿ ಬಹಳ ಅಪಘಾತಗಳು ಆಗುವುದು ಇದರ ನಂತರ. ಚಕ್ರ ನೆಲ ಮುಟ್ಟಿತು, ಕೆಲಸ ಮುಗಿಯಿತು ಎಂದು ಪೈಲಟ್ ಏಲೆರಾನನ್ನು ಸಡಿಲ ಬಿಡುತ್ತಾರೆ. ಆದರೆ ಆ ಹೊತ್ತಿಗೆ ರೆಕ್ಕೆಗಳು ಇನ್ನೂ ವಿಮಾನದ ತೂಕವನ್ನು ಹೊತ್ತಿರುತ್ತವೆ, ಚಕ್ರಗಳ ಮೇಲೆ ಪೂರ್ತಿ ಭಾರ ಬಿದ್ದಿರುವುದಿಲ್ಲ, ಬ್ರೇಕಿಗೆ ಹಿಡಿತ ಸಿಕ್ಕಿರುವುದಿಲ್ಲ. ಬಾಲದ ನೆಟ್ಟನೆಯ ಫಲಕಕ್ಕೆ ಪಕ್ಕದಿಂದ ಗಾಳಿ ಬಡಿದಾಗ ಬಾಲ ಗಾಳಿ ಹೋಗುವ ಕಡೆಗೆ ಸರಿದು ಮೂಗು ಗಾಳಿಯ ಕಡೆಗೆ ತಿರುಗುತ್ತದೆ. ಗಾಳಿ ಬರುವ ಕಡೆಯ ರೆಕ್ಕೆ ಮೇಲೇಳುತ್ತದೆ. ವೇಗ ಇಳಿದಂತೆ ಏಲೆರಾನ್ ಮತ್ತು ರಡ್ಡರ್ ಮೇಲೆ ಹರಿಯುವ ಗಾಳಿ ಕಡಿಮೆಯಾಗಿ ಅವುಗಳ ಶಕ್ತಿ ಕುಗ್ಗುತ್ತದೆ, ಹಾಗಾಗಿ ಅವುಗಳನ್ನು ಮೊದಲಿಗಿಂತ ಹೆಚ್ಚು ತಿರುಗಿಸಬೇಕು, ಕಡಿಮೆ ಅಲ್ಲ. ಓಟ ನಿಲ್ಲುವ ಹೊತ್ತಿಗೆ ಏಲೆರಾನ್ ಗಾಳಿಯ ಕಡೆಗೆ ಪೂರ್ತಿ ತಿರುಗಿರಬೇಕು ಎಂಬುದು ಬೋಧಕರು ಮತ್ತೆ ಮತ್ತೆ ಹೇಳುವ ಮಾತು. ಇದನ್ನು ಮರೆತವರ ವಿಮಾನ ರನ್‌ವೇ ಅಂಚಿನ ಹುಲ್ಲಿಗೆ ಹೋಗುತ್ತದೆ, ಮೂಗಿನ ಚಕ್ರ ಮುರಿಯುತ್ತದೆ, ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ. ಬಾಲದಲ್ಲಿ ಸಣ್ಣ ಚಕ್ರವಿರುವ ಹಳೆಯ ಮಾದರಿಗಳಲ್ಲಂತೂ ತೂಕದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುವುದರಿಂದ, ಒಮ್ಮೆ ಓರೆಯಾದ ವಿಮಾನ ತಾನಾಗಿಯೇ ಇನ್ನಷ್ಟು ಓರೆಯಾಗಿ ಗರಗರನೆ ಸುತ್ತಿಬಿಡುತ್ತದೆ. ಇಂಥ ಅಪಘಾತಗಳಲ್ಲಿ ಹೆಚ್ಚಾಗಿ ಜೀವ ಹೋಗುವುದಿಲ್ಲ, ಹಾಗಾಗಿ ಪತ್ರಿಕೆಗೂ ಬರುವುದಿಲ್ಲ. ಅವುಗಳಿಂದ ಕಲಿಯಬೇಕಾದ ಪಾಠ ಹ್ಯಾಂಗರಿನೊಳಗೇ ಉಳಿದುಬಿಡುತ್ತದೆ ಎಂಬುದು ನನಗೆ ಬೇಸರದ ಸಂಗತಿ.

ಒಂದೇ ಹದದಲ್ಲಿ ಬೀಸುವ ಗಾಳಿಯನ್ನು ನಿಭಾಯಿಸಬಹುದು. ಕಾಡುವುದು ಗಾಳಿಯ ಏರಿಳಿತ. ನೆಲದ ಹತ್ತಿರ ಮರ, ಕಟ್ಟಡ, ಹ್ಯಾಂಗರುಗಳು ಗಾಳಿಯನ್ನು ತಡೆದು ಸುಳಿಯಾಗಿಸುತ್ತವೆ. ಐನೂರು ಅಡಿಯಲ್ಲಿದ್ದ ಗಾಳಿ ಐವತ್ತು ಅಡಿಯಲ್ಲಿ ಇರುವುದಿಲ್ಲ. ಪೈಲಟ್‌ಗೆ ಸಿಗುವ ಗಾಳಿಯ ವರದಿ ಕೂಡ ಒಂದು ಸರಾಸರಿಯೇ ಹೊರತು ಆ ಕ್ಷಣದ ಗಾಳಿಯಲ್ಲ. ಅಂತರರಾಷ್ಟ್ರೀಯ ಪದ್ಧತಿಯಂತೆ ಟವರ್ ಕೊಡುವುದು ಎರಡು ನಿಮಿಷಗಳ ಸರಾಸರಿಯನ್ನು, ಹವಾಮಾನ ವರದಿಯಲ್ಲಿ ಬರುವುದು ಹತ್ತು ನಿಮಿಷಗಳ ಸರಾಸರಿ. ಅಳೆಯುವ ಉಪಕರಣ ನಿಂತಿರುವುದು ನಿಲ್ದಾಣದ ಒಂದು ಜಾಗದಲ್ಲಿ, ಸುಮಾರು ಹತ್ತು ಮೀಟರ್ ಎತ್ತರದಲ್ಲಿ. ಇದರ ಪರಿಣಾಮ ಏನಾಗಬಹುದು ಎಂಬುದು 2008ರ ಡಿಸೆಂಬರ್ 20ರಂದು ಅಮೆರಿಕದ ಡೆನ್ವರ್‌ನಲ್ಲಿ ಕಂಡಿತು. ಕಾಂಟಿನೆಂಟಲ್ ಸಂಸ್ಥೆಯ ಬೋಯಿಂಗ್ 737 ವಿಮಾನದ ಪೈಲಟ್‌ಗಳಿಗೆ ಟವರ್ ತಿಳಿಸಿದ್ದು 27 ನಾಟ್ ಗಾಳಿಯನ್ನು. ಟೇಕಾಫ್ ಓಟದಲ್ಲಿ ಅದಕ್ಕೆ ಬಡಿದ ಅಡ್ಡಗಾಳಿ 45 ನಾಟ್ ತಲುಪಿತ್ತು ಎಂದು ಅಲ್ಲಿನ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಕಂಡುಕೊಂಡಿತು. ವಿಮಾನ ರನ್‌ವೇ ಬಿಟ್ಟು ಹೋಗಿ ಉರಿಯಿತು. ಒಳಗಿದ್ದವರೆಲ್ಲರೂ ಬದುಕಿದರು. ಅದು ಟೇಕಾಫ್ ಪ್ರಕರಣ, ದೊಡ್ಡ ವಿಮಾನ. ಆದರೂ ಹೇಳಿದ ಗಾಳಿಗೂ ಬಡಿದ ಗಾಳಿಗೂ ಇದ್ದ ಅಂತರ ಯಾವ ಸಣ್ಣ ವಿಮಾನದ ಪೈಲಟ್‌ಗೂ ಅನ್ವಯಿಸುವಂಥದ್ದು.

ಈಗ ಟೊರೊಂಟೊದ ಕೊನೆಯ ಸೆಕೆಂಡುಗಳಿಗೆ ಬರೋಣ. ಕೆನಡಾದ ಸಾರಿಗೆ ಸುರಕ್ಷತಾ ಮಂಡಳಿ ಸುಮಾರು ಒಂದು ತಿಂಗಳ ಬಳಿಕ ಪ್ರಾಥಮಿಕ ವರದಿಯನ್ನು ಪ್ರಕಟಿಸಿತು. ಪ್ರಾಥಮಿಕ ವರದಿ ಯಾರ ಮೇಲೂ ಕಾರಣವನ್ನು ಹೊರಿಸುವುದಿಲ್ಲ, ದಾಖಲೆಯಲ್ಲಿ ಸಿಕ್ಕ ಘಟನಾಕ್ರಮವನ್ನಷ್ಟೇ ಇಡುತ್ತದೆ. ಅದರ ಪ್ರಕಾರ ವಿಮಾನ ನೆಲದಿಂದ ಸುಮಾರು 150 ಅಡಿ ಮೇಲಿದ್ದಾಗ, ಬಹುಶಃ ಗಾಳಿಯ ಒಂದು ಜೋರು ಹೊಡೆತದಿಂದಾಗಿ, ವೇಗದ ಮಾಪಕ 154 ನಾಟ್‌ಗೆ ಏರಿತು. ವಿಮಾನ ನಡೆಸುತ್ತಿದ್ದ ಪೈಲಟ್ ಥ್ರಸ್ಟ್ ಲಿವರ್‌ಗಳನ್ನು ಹಿಂದಕ್ಕೆಳೆದರು, ಇಂಜಿನ್‌ಗಳ ಶಕ್ತಿ ತಗ್ಗಿತು. ನೆಲ ಮುಟ್ಟುವವರೆಗೂ ಅದು ಹಾಗೆಯೇ ಇತ್ತು. ನೆಲಕ್ಕೆ ಇನ್ನು ಎರಡೂವರೆ ಸೆಕೆಂಡಿನಷ್ಟು ದೂರವಿದ್ದಾಗ, ವಿಮಾನ ತೀರಾ ವೇಗವಾಗಿ ಕೆಳಗಿಳಿಯುತ್ತಿದೆ ಎಂಬ ಎಚ್ಚರಿಕೆಯ ಧ್ವನಿ ಕಾಕ್‌ಪಿಟ್‌ನಲ್ಲಿ ಮೊಳಗಿತು. ಆಗ ವೇಗ 136 ನಾಟ್. ನೆಲ ಮುಟ್ಟಿದಾಗ ವಿಮಾನ ಬಲಕ್ಕೆ ಏಳೂವರೆ ಡಿಗ್ರಿ ವಾಲಿತ್ತು, ಮೂಗು ಒಂದು ಡಿಗ್ರಿಯಷ್ಟೇ ಮೇಲೆದ್ದಿತ್ತು, ಕೆಳಗಿಳಿಯುತ್ತಿದ್ದ ವೇಗ ನಿಮಿಷಕ್ಕೆ ಸುಮಾರು 1,100 ಅಡಿ. ಸಾರಿಗೆ ವಿಮಾನಗಳ ಲ್ಯಾಂಡಿಂಗ್ ಗೇರ್ ವಿನ್ಯಾಸಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಇಳಿತದ ವೇಗ ಸೆಕೆಂಡಿಗೆ 10 ಅಡಿ, ಅಂದರೆ ನಿಮಿಷಕ್ಕೆ 600 ಅಡಿ. ಇಲ್ಲಿ ಅದಕ್ಕೆ ಹತ್ತಿರ ಹತ್ತಿರ ಇಮ್ಮಡಿ ವೇಗವಿತ್ತು.

ಈ ಅಂಕಿಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಬೇಕು. ಗಾಳಿ ಬರುತ್ತಿದ್ದದ್ದು ಬಲಗಡೆಯ ಮುಂಭಾಗದಿಂದ. ಬಲರೆಕ್ಕೆಯನ್ನು ತುಸು ತಗ್ಗಿಸಿ ಬಲಚಕ್ರದ ಮೇಲೆ ಮೊದಲು ಇಳಿಯುವುದು ಅಡ್ಡಗಾಳಿಯ ಪಾಠಕ್ಕೆ ವಿರುದ್ಧವೇನಲ್ಲ. ಆದರೆ ಮೆಲ್ಲಗೆ ಇಳಿಯುವಾಗ ಸರಿಯಾಗಿರುವ ಅದೇ ವಾಲು, ಬಿರುಸಾಗಿ ಇಳಿಯುವಾಗ ಇಡೀ ಹೊಡೆತವನ್ನು ಒಂದೇ ಗೇರ್ ಮೇಲೆ ಹಾಕುತ್ತದೆ. ಗಾಳಿಯ ಹೊಡೆತಕ್ಕೆ ಮಾಪಕದಲ್ಲಿ ಕಂಡ ವೇಗವೂ ಹಾಗೆಯೇ. ಎದುರಿನಿಂದ ಬಂದ ಗಾಳಿ ಕೊಟ್ಟ ಹತ್ತು ನಾಟ್ ಆ ಗಾಳಿ ಅಡಗಿದ ಕ್ಷಣ ಹೊರಟುಹೋಗುತ್ತದೆ. ಅಷ್ಟರೊಳಗೆ ಇಂಜಿನ್ ಶಕ್ತಿಯನ್ನೂ ತಗ್ಗಿಸಿದ್ದರೆ ವಿಮಾನಕ್ಕೆ ಎರಡು ಕಡೆಯಿಂದಲೂ ಕೊರತೆಯಾಗುತ್ತದೆ. ಜೆಟ್ ಇಂಜಿನ್ ತಗ್ಗಿದ ಮೇಲೆ ಮತ್ತೆ ಪೂರ್ತಿ ಶಕ್ತಿಗೆ ಏರಲು ಕೆಲವು ಸೆಕೆಂಡು ಬೇಕು, ನೂರೈವತ್ತು ಅಡಿಯ ಕೆಳಗೆ ಆ ಸೆಕೆಂಡುಗಳು ಇರುವುದಿಲ್ಲ. ಗಾಳಿ ಏರಿಳಿಯುವ ದಿನ ಸಣ್ಣ ವಿಮಾನಗಳ ಪೈಲಟ್‌ಗಳು ಏರಿಳಿತದ ಅರ್ಧದಷ್ಟನ್ನು ತಮ್ಮ ಇಳಿಯುವ ವೇಗಕ್ಕೆ ಕೂಡಿಸಿಕೊಳ್ಳುವ ರೂಢಿ ಬಂದದ್ದೂ ಈ ಕೊರತೆಯ ಭಯದಿಂದಲೇ. ಗಾಳಿ 10ರಿಂದ 20 ನಾಟ್‌ಗೆ ಏರಿಳಿಯುತ್ತಿದ್ದರೆ 65ರ ಬದಲು 70 ನಾಟ್‌ನಲ್ಲಿ ಬರುತ್ತಾರೆ.

ಇನ್ನು ಮಿತಿಯ ಮಾತು. ಸೆಸ್ನಾ 172ರ ಕೈಪಿಡಿಯ ಹೊಸ ಆವೃತ್ತಿಯಲ್ಲಿ ಅಡ್ಡಗಾಳಿಗೆ 15 ನಾಟ್ ಎಂದಿದೆ, ಸೆಸ್ನಾ 152ಕ್ಕೆ 12. ಬಹಳ ಮಂದಿ ಇದನ್ನು ವಿಮಾನದ ಮಿತಿ ಎಂದೇ ಓದುತ್ತಾರೆ. ಅದು ಪ್ರಮಾಣೀಕರಣದ ಪರೀಕ್ಷೆಯಲ್ಲಿ ಮಾಡಿ ತೋರಿಸಿದ ಅಡ್ಡಗಾಳಿ, ಅಷ್ಟೆ. ಈಗ ಹಾರುತ್ತಿರುವ ಬಹುಪಾಲು ಸಣ್ಣ ವಿಮಾನಗಳು ಪ್ರಮಾಣಪತ್ರ ಪಡೆದ ಹಳೆಯ ಅಮೆರಿಕನ್ ನಿಯಮ ಕೇಳುತ್ತಿದ್ದದ್ದು, ಇಳಿಯುವ ಸ್ಥಿತಿಯಲ್ಲಿ ವಿಮಾನ ಸ್ಟಾಲ್ ಆಗುವ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ) ವೇಗದ ಶೇಕಡ 20ರಷ್ಟು ಅಡ್ಡಗಾಳಿಯನ್ನು ಅದು ನಿಭಾಯಿಸಬೇಕು ಎಂದು ಮಾತ್ರ. ನುರಿತ ಪರೀಕ್ಷಾ ಪೈಲಟ್ ಹೊಸ ವಿಮಾನದಲ್ಲಿ ಸಾಧಿಸಿದ 15 ನಾಟ್, ಎಂಬತ್ತು ಗಂಟೆ ಹಾರಿದ ವಿದ್ಯಾರ್ಥಿಯ ಮಿತಿಯಾಗಲು ಸಾಧ್ಯವಿಲ್ಲ. ಅದರಾಚೆಗೆ ಹಾರುವುದು ಕಾನೂನುಬಾಹಿರವೂ ಅಲ್ಲ. ಈ ಅಸ್ಪಷ್ಟತೆ ದೊಡ್ಡ ವಿಮಾನಗಳನ್ನೂ ಬಿಟ್ಟಿಲ್ಲ. 2008ರ ಮಾರ್ಚ್ 1ರಂದು ಎಮ್ಮಾ ಚಂಡಮಾರುತದ ನಡುವೆ ಹ್ಯಾಂಬರ್ಗ್‌ನಲ್ಲಿ ಇಳಿಯಲು ಹೋದ ಲುಫ್ತಾನ್ಸಾದ ಏರ್‌ಬಸ್ 320 ವಿಮಾನದ ಎಡರೆಕ್ಕೆಯ ತುದಿ ರನ್‌ವೇಗೆ ತಾಗಿತು. ಟವರ್ ಹೇಳಿದ ಗಾಳಿ 47 ನಾಟ್‌ವರೆಗೆ ಏರುತ್ತಿತ್ತು. ಪೈಲಟ್‌ಗಳು ತಕ್ಷಣ ಮೇಲೇರಿ, ಗಾಳಿಗೆ ಹೆಚ್ಚು ಹೊಂದುವ ಇನ್ನೊಂದು ರನ್‌ವೇಯಲ್ಲಿ ಸುರಕ್ಷಿತವಾಗಿ ಇಳಿದರು. ಮಾಡಿ ತೋರಿಸಿದ ಅಡ್ಡಗಾಳಿ ಎಂಬ ಮಾತಿಗೆ ಪೈಲಟ್‌ಗಳು ಬೇರೆ ಬೇರೆ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಎಂಬುದನ್ನು ಜರ್ಮನಿಯ ತನಿಖೆ ಗಂಭೀರವಾಗಿ ಎತ್ತಿ ತೋರಿಸಿತು.

ಇಳಿಯುವ ಯತ್ನವನ್ನು ಕೈಬಿಟ್ಟು ಮತ್ತೆ ಮೇಲೇರುವ ಗೋ-ಅರೌಂಡ್ ಈ ಅಪಾಯಕ್ಕೆಲ್ಲ ಇರುವ ಮುಖ್ಯ ಉತ್ತರ. 2024ರ ನವೆಂಬರ್ 30ರಂದು ಫೆಂಗಲ್ ಚಂಡಮಾರುತದ ಹೊತ್ತಿಗೆ ಮುಂಬೈಯಿಂದ ಚೆನ್ನೈಗೆ ಬಂದ ಇಂಡಿಗೊ ವಿಮಾನ ನೆಲದ ಹತ್ತಿರ ಪಕ್ಕಕ್ಕೆ ಸರಿದು, ಮರುಕ್ಷಣ ಮೇಲೇರಿದ ವಿಡಿಯೊವನ್ನು ಲಕ್ಷಾಂತರ ಮಂದಿ ಗಾಬರಿಯಿಂದ ನೋಡಿದರು. ನನ್ನ ದೃಷ್ಟಿಯಲ್ಲಿ ಆ ವಿಡಿಯೊದಲ್ಲಿ ಮೆಚ್ಚಬೇಕಾದದ್ದು ಆ ಮೇಲೇರಿಕೆ. ಇಂಥ ಗಾಳಿಯಲ್ಲಿ ಇಳಿಯಲು ಯತ್ನಿಸಬೇಕಿತ್ತೇ ಎಂದು ಕೇಳುವುದು ನ್ಯಾಯವೇ, ಆದರೆ ಯತ್ನ ಕೆಟ್ಟಿತು ಎಂದು ಕಂಡ ಕ್ಷಣ ಬಿಟ್ಟೆದ್ದದ್ದು ಪೈಲಟ್ ಮಾಡಬೇಕಾದ ಕೆಲಸ. ಅದನ್ನು ಮಾಡದಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಮಂದಿ ಸತ್ತ ದುರಂತಕ್ಕೆ ಅಡ್ಡಗಾಳಿ ಕಾರಣವಲ್ಲ, ತೀರಾ ಎತ್ತರದಿಂದ, ತೀರಾ ವೇಗವಾಗಿ ಬಂದ ವಿಮಾನ ರನ್‌ವೇಯ ಬಹುಭಾಗ ದಾಟಿದ ಮೇಲೆ ನೆಲ ಮುಟ್ಟಿತ್ತು. ಗೋ-ಅರೌಂಡ್ ಮಾಡೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರು. ಕ್ಯಾಪ್ಟನ್ ಇಳಿಯುವುದನ್ನೇ ಮುಂದುವರಿಸಿದರು.

ಸಣ್ಣ ವಿಮಾನದಲ್ಲಿ ಗೋ-ಅರೌಂಡ್ ಕೂಡ ಸುಲಭದ್ದಲ್ಲ ಎಂಬುದನ್ನು ಹೇಳದಿದ್ದರೆ ಈ ವಿವರಣೆ ಅರೆಬರೆಯಾಗುತ್ತದೆ. ಒಂದೇ ಇಂಜಿನ್ನಿನ ಬಹುಪಾಲು ವಿಮಾನಗಳಲ್ಲಿ ಥ್ರಾಟಲ್ ಪೂರ್ತಿ ತಳ್ಳಿದ ಕೂಡಲೇ ಮೂಗು ಎಡಕ್ಕೆ ಎಳೆಯುತ್ತದೆ, ಬಲಗಾಲಿನಿಂದ ರಡ್ಡರ್ ಗಟ್ಟಿಯಾಗಿ ಒತ್ತಬೇಕು. ಗಾಳಿಯೂ ಎಡದಿಂದಲೇ ಬರುತ್ತಿದ್ದರೆ ಎರಡೂ ಸೇರಿ ವಿಮಾನವನ್ನು ಒಂದೇ ಕಡೆಗೆ ತಿರುಗಿಸುತ್ತವೆ. ಇಳಿಯಲು ಪೂರ್ತಿ ಬಿಟ್ಟಿದ್ದ ಫ್ಲ್ಯಾಪ್‌ಗಳನ್ನು (ನಿಧಾನ ಹೋಗುವಾಗ ರೆಕ್ಕೆಗೆ ಹೆಚ್ಚು ಬಲ ಕೊಡುವ ಫಲಕಗಳನ್ನು) ಒಮ್ಮೆಲೇ ಎತ್ತಿದರೆ ವಿಮಾನ ಕುಸಿಯುತ್ತದೆ, ಎತ್ತದೇ ಬಿಟ್ಟರೆ ಸರಿಯಾಗಿ ಏರುವುದಿಲ್ಲ. ಒಂದು ಬದಿಗೆ ಓಡತೊಡಗಿದ ವಿಮಾನವನ್ನು ಕೊನೆಗಳಿಗೆಯಲ್ಲಿ ಮೇಲೆತ್ತಲು ಹೋಗಿ ಸ್ಟಾಲ್ ಆದವರೂ ಇದ್ದಾರೆ. ಹಾಗಾಗಿ ಬಿಡಬೇಕೋ ಬೇಡವೋ ಎಂಬ ನಿರ್ಧಾರ ರನ್‌ವೇ ತಲುಪುವ ಮೊದಲೇ ಆಗಿರಬೇಕು: ಇಷ್ಟು ಎತ್ತರಕ್ಕೆ ಬಂದಾಗ ರಡ್ಡರ್ ಪೂರ್ತಿ ಒತ್ತಿಯೂ ಮೂಗು ನಡುಗೆರೆಗೆ ನೇರವಾಗದಿದ್ದರೆ ಈ ಗಾಳಿ ಈ ವಿಮಾನಕ್ಕೆ ಹೆಚ್ಚಾಯಿತು ಎಂದೇ ಅರ್ಥ.

ಟೊರೊಂಟೊ ಅಪಘಾತದ ಮರುದಿನಗಳಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಪೈಲಟ್‌ಗಳ ಅರ್ಹತೆಯ ಬಗ್ಗೆ ಹಬ್ಬಿದ ಸುಳ್ಳುಗಳನ್ನು ಡೆಲ್ಟಾ ಸಂಸ್ಥೆ ಅಧಿಕೃತವಾಗಿ ಅಲ್ಲಗಳೆಯಬೇಕಾಯಿತು. ಇದು ಬರೀ ಅಸಭ್ಯತೆಯ ಪ್ರಶ್ನೆಯಲ್ಲ. ತಪ್ಪು ಯಾರದು ಎಂದು ಮೊದಲ ದಿನವೇ ತೀರ್ಪು ಕೊಡುವ ಜಾಗದಲ್ಲಿ ಗೋ-ಅರೌಂಡ್ ಮಾಡಿದವರೂ, ಬಿರುಸಾಗಿ ಇಳಿದೆವು ಎಂದು ತಾವಾಗಿ ವರದಿ ಮಾಡಿದವರೂ ಬಾಯಿ ಮುಚ್ಚಿಕೊಳ್ಳುತ್ತಾರೆ. ವಿಮಾನಯಾನದ ಸುರಕ್ಷತೆ ನಿಂತಿರುವುದೇ ಅಂಥ ವರದಿಗಳ ಮೇಲೆ.

ನಮ್ಮಲ್ಲಿ ಈಗ ಈ ಚರ್ಚೆ ಬೇಕಾಗಿರುವುದಕ್ಕೆ ಕಾರಣ ತರಬೇತಿ. ವಿಮಾನ ಸಂಸ್ಥೆಗಳು ಬೆಳೆದಂತೆ ಪೈಲಟ್ ಆಗಲು ಬರುವ ಯುವಕ ಯುವತಿಯರ ಸಂಖ್ಯೆಯೂ ಬೆಳೆದಿದೆ. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಂಥ ಕಡೆ ಇರುವುದು ಒಂದೇ ರನ್‌ವೇ, ಗಾಳಿ ಅಡ್ಡವಾದರೆ ಬೇರೆ ದಿಕ್ಕನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ಅಡ್ಡಗಾಳಿ ಹೆಚ್ಚಿರುವ ಹೊತ್ತಿನಲ್ಲಿ ಒಂಟಿ ಹಾರಾಟದ ವಿದ್ಯಾರ್ಥಿಯನ್ನು ಕಳುಹಿಸದಿರುವುದು ಬೋಧಕರು ಮಾಡುವ ಸರಿಯಾದ ಕೆಲಸವೇ. ಆದರೆ ಗಂಟೆಗಳೆಲ್ಲ ಗಾಳಿ ತಣ್ಣಗಿರುವ ಬೆಳಗಿನ ಹೊತ್ತಿನಲ್ಲೇ ತುಂಬಿದರೆ, ಅಡ್ಡಗಾಳಿಯ ಅಭ್ಯಾಸ ಪುಸ್ತಕದ ಒಂದು ಪಾಠವಾಗಿಯೇ ಉಳಿಯುತ್ತದೆ. ವಾಣಿಜ್ಯ ಪೈಲಟ್ ಪರವಾನಗಿಗೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) 200 ಗಂಟೆಗಳ ಹಾರಾಟ ಕೇಳುತ್ತದೆ. ಅದರಲ್ಲಿ ರಾತ್ರಿ ಹಾರಾಟಕ್ಕೆ ಐದು ಗಂಟೆ, ಕನಿಷ್ಠ ಹತ್ತು ಟೇಕಾಫ್ ಮತ್ತು ಹತ್ತು ಇಳಿತ ಎಂದು ಖಚಿತ ಸಂಖ್ಯೆಯಿದೆ. ಅಡ್ಡಗಾಳಿಯ ಇಳಿತಕ್ಕೆ ಅಂಥ ಸಂಖ್ಯೆಯಿಲ್ಲ.

ಅದನ್ನು ಸೇರಿಸುವುದು ದುಬಾರಿ ಕೆಲಸವೇನಲ್ಲ. ಪ್ರತಿ ಇಳಿತದ ಪಕ್ಕದಲ್ಲಿ ಆ ಹೊತ್ತಿನ ಅಡ್ಡಗಾಳಿ ಎಷ್ಟು ನಾಟ್ ಇತ್ತು ಎಂಬುದನ್ನು ವಿದ್ಯಾರ್ಥಿಯ ಲಾಗ್‌ಬುಕ್‌ನಲ್ಲಿ ಬರೆಯುವುದು, ಬೋಧಕರ ಜೊತೆಗೆ 8, 10, 12 ನಾಟ್ ಎಂದು ಹಂತಹಂತವಾಗಿ ಇಳಿಸಿ ನೋಡುವುದು, ಪ್ರತಿ ಹಂತದಲ್ಲೂ ಕೆಲವು ಇಳಿತಗಳನ್ನು ಬೇಕೆಂದೇ ಕೈಬಿಟ್ಟು ಗೋ-ಅರೌಂಡ್ ಮಾಡಿಸುವುದು ಇಂದಿರುವ ವಿಮಾನಗಳಲ್ಲೇ, ಇಂದಿರುವ ಗಂಟೆಗಳಲ್ಲೇ ಆಗುವಂಥವು. ಲಾಗ್‌ಬುಕ್‌ನಲ್ಲಿ ಆ ಅಂಕಣವಿದ್ದರೆ, 6 ನಾಟ್‌ಗಿಂತ ಹೆಚ್ಚಿನ ಅಡ್ಡಗಾಳಿಯನ್ನೇ ಕಾಣದ ವಿದ್ಯಾರ್ಥಿ ಯಾರು ಎಂಬುದು ಪರವಾನಗಿಯ ಪರೀಕ್ಷಕರಿಗೆ ಒಂದೇ ನೋಟಕ್ಕೆ ತಿಳಿಯುತ್ತದೆ.